ಕಾಗೆ ಮುಟ್ಟದ ಎಡೆ

ನಮ್ಮೂರ ಕೆರೆಯಲ್ಲಿ ನಾನು ನೀರು ನೋಡಿದ್ದು ನಲವತ್ತು ದಾಟಿದ ಮೇಲೆ. ದಿಬ್ಬೂರಹಳ್ಳಿಯಿಂದ ಎರಡು ಮೈಲಿ ಒಳಕ್ಕೆ ಹೋದರೆ ಸಿಗುವ ಊರು ಅದು. ನಾನು ಹುಟ್ಟಿದಾಗಿನಿಂದ ಕೆರೆ ಎಂದರೆ ನಮಗೆ ಜಾಲಿ ಬೆಳೆದ ಬಯಲು, ದನ ಮೇಯುವ ಜಾಗ, ಅಷ್ಟೇ. ಆಮೇಲೆ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ತಂದು ತುಂಬಿಸಿದರು, ಅದರ ಮೇಲೆ ಒಳ್ಳೆ ಮಳೆಯೂ ಆಯಿತು. ಜಾಲಿ ಮುಳುಗಿ ಸತ್ತಿತು, ಅಂಚಿನಲ್ಲಿ ಜೊಂಡು ಎದ್ದಿತು. ಆ ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಊರಿನಲ್ಲಿ ಇನ್ನೂ ಜಗಳವಿದೆ. ಹಕ್ಕಿಗಳು ಆ ಜಗಳ ಮುಗಿಯಲಿ ಎಂದು ಕಾಯಲಿಲ್ಲ, ಬಂದೇ ಬಿಟ್ಟವು.

ನಾನು ಗೌರಿಬಿದನೂರಿನಲ್ಲಿ ಹೈಸ್ಕೂಲು ವಿಜ್ಞಾನದ ಟೀಚರು, ಗಂಡನಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಶಿಫ್ಟು ಕೆಲಸ. ಎರಡು ವಾರಕ್ಕೊಮ್ಮೆ ಶನಿವಾರ ಸಂಜೆ ಎರಡು ಬಸ್ಸು ಬದಲಾಯಿಸಿ ತವರಿಗೆ ಬಂದು, ಭಾನುವಾರ ಬೆಳಗ್ಗೆ ಕೆರೆ ಏರಿಯ ಮೇಲೆ ಬೈನಾಕ್ಯುಲರ್ ಹಿಡಿದು ಕೂರುವುದು ನನಗೆ ಚಟವಾಯಿತು. ಗುಳುಮುಳುಕ ಎಷ್ಟು, ಜಂಬುಕೋಳಿ ಎಷ್ಟು, ಚಳಿಗಾಲಕ್ಕೆ ಬಂದ ಪಟ್ಟೆತಲೆ ಬಾತು ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅಮ್ಮ ಅದನ್ನು ಕಂಡು ನಗುತ್ತಿದ್ದಳು.

"ಮಗಳು ತಾಯಿನ ನೋಡಕ್ಕೆ ಬರ್ತಾಳೆ ಅಂತ ಊರೋರೆಲ್ಲ ಅಂದ್ಕೊಂಡವ್ರೆ. ಇವ್ಳು ಬರೋದು ಬಾತುಕೋಳಿ ನೋಡಕ್ಕೆ" ಎಂದು ಅತ್ತಿಗೆಯ ಮುಂದೆ ಹೇಳಿ, ನನಗೆ ಸಿಟ್ಟು ಬಂದಿತೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡುವಳು. ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಈಗಲೂ.

ಅಮ್ಮನಿಗೆ ಇದ್ದ ಒಂದೇ ಒಂದು ಭಯವೆಂದರೆ ಕರೆಂಟು. ನಮ್ಮ ಕಡೆ ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವಂತಿಲ್ಲ. ನಡುರಾತ್ರಿ ಬಂದರೂ ಅಪ್ಪ ಎದ್ದು ಹೋಗಿ ಮೋಟಾರು ಹಾಕಿ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುತ್ತಿದ್ದ. ಒಂದು ಮಳೆಗಾಲದಲ್ಲಿ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ ಷಾಕ್ ಹೊಡೆದು ಮೂರು ಮಾರು ದೂರಕ್ಕೆ ಬಿದ್ದಿದ್ದ. ಆವತ್ತಿನಿಂದ ಅಪ್ಪ ಮೋಟಾರಿಗೆ ಹೋದಾಗಲೆಲ್ಲ ಅಮ್ಮ ಟಾರ್ಚು ಹಿಡಿದು ಏರಿಯ ಮೇಲೆ ನಿಂತು, ಅವನು ವಾಪಸು ಬರುವವರೆಗೆ ಕದಲುತ್ತಿರಲಿಲ್ಲ. "ನಿಮ್ಮ ಕೈಲಿ ಇನ್ನಾಗಲ್ಲ, ಮಗನಿಗೆ ಬಿಡಿ, ಇನ್ಮೇಲೆ ಮುಟ್ಟಲ್ಲ ಅಂತ ಒಂದು ಮಾತು ಕೊಡಿ" ಎಂದು ಎಷ್ಟು ಸಲ ಕೇಳಿದ್ದಳೋ. ಅಪ್ಪ ನಕ್ಕು ಎದ್ದು ಹೋಗುತ್ತಿದ್ದ. ರೇಷ್ಮೆ ಹುಳು ಮನೆ, ತೋಟ, ಸೊಪ್ಪು, ಗೂಡಿನ ವ್ಯವಹಾರ ಎಲ್ಲವೂ ಅಣ್ಣನ ಕೈಗೆ ಹೋಗಿತ್ತು. ಮನೆಯಲ್ಲಿ ಅಪ್ಪನದು ಎಂದು ಉಳಿದಿದ್ದ ಕೆಲಸ ಆ ಮೋಟಾರೊಂದೇ.

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅಮ್ಮ ಸೊಪ್ಪಿನ ಹೊರೆ ಇಳಿಸಿ, ಎದೆ ಹಿಡಿದುಕೊಂಡು ಜಗುಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಕೆರೆಯ ಆಚೆ ದಡದಲ್ಲಿ, ನಮ್ಮ ಹೊಲದ ತುದಿಯ ಹೊಂಗೆ ಮರದ ಹತ್ತಿರ ಮಣ್ಣು ಮಾಡಿದೆವು. ನಾಯಿ ನರಿ ಕೆದಕದಿರಲಿ ಎಂದು ಗುಡ್ಡೆಯ ಮೇಲೆ ರೂಢಿಯಂತೆ ಜಾಲಿಮುಳ್ಳು ಹೊದಿಸಿ ಕಲ್ಲು ಹೇರಿದರು.

ಮೂರನೆಯ ದಿನ ಗುಡ್ಡೆಗೆ ಹಾಲುತುಪ್ಪ ಬಿಡುವ ಶಾಸ್ತ್ರ. ಅಮ್ಮನಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲಿಟ್ಟು ದೂರ ಸರಿದು ನಿಂತೆವು. ಕಜ್ಜಾಯ, ಮುದ್ದೆ, ಬೇಯಿಸಿದ ಮೊಟ್ಟೆ, ಒಂದು ಅಚ್ಚು ಬೆಲ್ಲ, ಹುರಿದ ಕಡಲೇಕಾಯಿ ಬೀಜ. ಸೊಪ್ಪು ಕುಯ್ಯುವಾಗ ಸೆರಗಿನ ತುದಿಯಲ್ಲಿ ಬೆಲ್ಲ, ಬೀಜ ಕಟ್ಟಿಕೊಂಡು ಹೋಗುವುದು ಅವಳ ಅಭ್ಯಾಸ. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿ ಎಂದು ಲೆಕ್ಕ. ಒಂದು ಗಂಟೆ ಆಯಿತು, ಎರಡು ಗಂಟೆ ಆಯಿತು, ಕಾಗೆಯ ಸುಳಿವಿಲ್ಲ.

"ಕಾಕಿ ರಾಲೇದಪ್ಪ, ಕಾಗೆ ಬರ್ಲಿಲ್ಲ. ಏನೋ ಆಸೆ ಉಳ್ಕೊಂಡದೆ" ಎಂದಳು ಅಮ್ಮನ ಓರಗಿತ್ತಿ ದೊಡ್ಡಮ್ಮ. ಕಾಗೆ ಬಾರದಿದ್ದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು, ಹೋದವರಿಗೆ ಕೇಳುವಂತೆ ಗಟ್ಟಿಯಾಗಿ ಮಾತು ಕೊಡಬೇಕು. ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದ ಅಣ್ಣ. ನಾದಿನಿಯನ್ನು ತವರಿಗೆ ಕರೆಯುವುದು ಬಿಡುವುದಿಲ್ಲ ಎಂದಳು ಅತ್ತಿಗೆ. ನಾನೂ ಏನೋ ಹೇಳಿದೆ. ಕಾಗೆ ಬರಲಿಲ್ಲ. ಕೊನೆಗೆ ಎಲ್ಲರೂ ಅಪ್ಪನ ಕಡೆ ತಿರುಗಿದರು.

"ನೀನೂ ಒಂದ್ ಮಾತು ಹೇಳಪ್ಪ" ಎಂದಳು ದೊಡ್ಡಮ್ಮ.

"ಅವ್ಳಿಗೆ ನನ್ ಕಡೆಯಿಂದ ಏನೂ ಬೇಕಾಗಿರ್ಲಿಲ್ಲ" ಎಂದು ಅಪ್ಪ ನೆಲ ನೋಡಿದ.

ಯಾವ ಮಾತು ಎಂದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗುಡ್ಡೆಯ ಮುಂದೆ ಆಡಿದ ಮಾತನ್ನು ಮುರಿಯುವಂತಿಲ್ಲ. ಅದಕ್ಕೇ ಆಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಪಾಲನ್ನು ಹಸುವಿಗೆ ತಿನ್ನಿಸಿ, ಉಳಿದದ್ದನ್ನು ಎಲೆಯ ಮೇಲೆಯೇ ಬಿಟ್ಟು ಹೊರಟೆವು. ದಾರಿಯಲ್ಲಿ ನಾನು ಅಪ್ಪನಿಗೆ ಸಮಾಧಾನ ಹೇಳಲು ಹೋಗಿ, ಕೆರೆಯ ಮೇಲೆ ಹದ್ದಿನ ಜಾತಿಯ ಒಂದು ಸೆಳೆವ ಹಕ್ಕಿ ಹಾರಾಡುತ್ತಿತ್ತು, ಕಾಗೆಗಳೆಲ್ಲ ಅದನ್ನು ಓಡಿಸುವುದರಲ್ಲಿದ್ದವು, ಅದಕ್ಕೇ ಇತ್ತ ಬರಲಿಲ್ಲ ಎಂದು ವಿವರಿಸಿದೆ. ಅಪ್ಪ ಹೆಗಲ ಟವೆಲ್ಲು ಕೊಡವಿ ಮುಂದೆ ನಡೆದ. ಎಲ್ಲಿ ಪಾಠ ಮಾಡಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹನ್ನೊಂದನೆಯ ದಿನದ ತಿಥಿಯವರೆಗೂ ರಜೆ ಹಾಕಿದ್ದೆ. ಆರನೆಯ ದಿನ ಬೆಳಗ್ಗೆ ಮನೆಯಲ್ಲಿ ಕೂರಲಾಗದೆ ಬೈನಾಕ್ಯುಲರ್ ಕುತ್ತಿಗೆಗೆ ಹಾಕಿಕೊಂಡು ಏರಿಗೆ ಹೋದೆ. ಸೂತಕದ ಮನೆಯವಳು ಬಾತು ಎಣಿಸಲು ಹೋದಳು ಎಂದು ಜನ ಆಡಿಕೊಂಡರೆ ಆಡಿಕೊಳ್ಳಲಿ ಎನ್ನಿಸಿತು. ಸೂರ್ಯ ಇನ್ನೂ ಹುಟ್ಟಿರಲಿಲ್ಲ, ನೀರಿನ ಮೇಲೆ ತೆಳ್ಳಗೆ ಮಂಜಿತ್ತು. ಬಾತುಗಳು ಆಚೆ ದಡದ ಹತ್ತಿರ ನೀರಿನಲ್ಲಿ ಗುಂಪಾಗಿದ್ದವು. ಎಣಿಸುತ್ತಾ ಅರವತ್ತರ ಹತ್ತಿರ ಬಂದಿದ್ದೆ, ಅಷ್ಟರಲ್ಲಿ ಎಲ್ಲವೂ ಒಮ್ಮೆಗೇ ಕತ್ತೆತ್ತಿ ಒಂದೇ ಕಡೆ ನೋಡಿದವು. ನಾನೂ ಬೈನಾಕ್ಯುಲರನ್ನು ಅತ್ತ ತಿರುಗಿಸಿದೆ.

ಅಮ್ಮನ ಗುಡ್ಡೆಯ ಮೇಲೆ ಏನೋ ಬೆಳ್ಳಗೆ ಅಲ್ಲಾಡುತ್ತಿತ್ತು.

ಅಮ್ಮನಿಗೆ ಹೊದಿಸಿದ್ದ ಬಿಳಿ ಬಟ್ಟೆ ಮಣ್ಣಿನಿಂದ ಮೇಲೆ ಬಂದಿದೆ ಎಂದೇ ಮೊದಲು ಅನ್ನಿಸಿದ್ದು. ಮೊಣಕೈಗಳನ್ನು ಮೊಣಕಾಲಿಗೆ ಒತ್ತಿ ಹಿಡಿದು ಮತ್ತೆ ನೋಡಿದೆ. ಬಟ್ಟೆಯಲ್ಲ, ಪ್ರಾಣಿ. ನಾಯಿಗಿಂತ ಗಿಡ್ಡ, ದಪ್ಪ ಮೈ, ಕುಳ್ಳು ಕಾಲು. ಹೊಟ್ಟೆ, ಕಾಲು, ಮೂತಿ ಎಲ್ಲ ಕಪ್ಪು. ನೆತ್ತಿಯಿಂದ ಬಾಲದವರೆಗೆ ಬೆನ್ನಿನ ಮೇಲೆ ಯಾರೋ ಬೂದಿ ಸುರಿದ ಹಾಗೆ ಬಿಳಿ. ಮುಂಗಾಲಿನ ಉಗುರುಗಳಿಂದ ಮಣ್ಣು ಹಿಂದಕ್ಕೆ ಚಿಮ್ಮುತ್ತಿತ್ತು.

ತರಕರಡಿ. ಚಿತ್ರದಲ್ಲಿ ಬಿಟ್ಟು ನಾನು ಎಂದೂ ನೋಡಿರಲಿಲ್ಲ. ನಮ್ಮ ಸೀಮೆಯಲ್ಲಿ ಉಳಿದಿದೆಯೋ ಇಲ್ಲವೋ ಎಂದು ಹಕ್ಕಿ ನೋಡುವ ಗೆಳೆಯರು ವಾದ ಮಾಡುತ್ತಿದ್ದರು. ಕಂಡವರು ಸಿಗುವುದಿಲ್ಲ, ಕಂಡೆ ಎಂದವರನ್ನು ಯಾರೂ ನಂಬುವುದಿಲ್ಲ. ನಿಜ ಹೇಳಿಬಿಡುತ್ತೇನೆ, ನನಗೆ ಆ ಕ್ಷಣ ಸಂತೋಷವಾಯಿತು. ಕೈಗಡಿಯಾರ ನೋಡಿ, ಆರೂ ಇಪ್ಪತ್ತು ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಹೆತ್ತ ತಾಯಿಯ ಗುಡ್ಡೆಯನ್ನು ಅದು ಕೆದಕುತ್ತಿದೆ ಎಂಬುದು ತಲೆಗೆ ಹೋಗಿದ್ದು ಆಮೇಲೆ. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬೈನಾಕ್ಯುಲರನ್ನು ಒಂದಿಷ್ಟು ಬಲಕ್ಕೆ ಸರಿಸಿದಾಗ ಅಪ್ಪ ಕಂಡ.

ಗುಡ್ಡೆಯಿಂದ ಎಂಟು ಹತ್ತು ಹೆಜ್ಜೆ ದೂರದಲ್ಲಿ ಕಂಬಳಿ ಹೊದ್ದು ಕುಕ್ಕರಗಾಲಿನಲ್ಲಿ ಕೂತಿದ್ದ. ಮುಂದೆ ಮುತ್ತುಗದ ಎಲೆ. ತುಟಿ ಅಲ್ಲಾಡುತ್ತಿತ್ತು, ಮಾತಾಡುತ್ತಿದ್ದ. ತರಕರಡಿ ಕೆದಕುವುದನ್ನು ನಿಲ್ಲಿಸಿ, ತಲೆ ಎತ್ತಿ, ನೇರವಾಗಿ ಅವನ ಕಡೆಗೆ ನಡೆದು ಬಂತು.

ಚಿರತೆಗೂ ಹೆದರದ ಪ್ರಾಣಿ, ಹಿಡಿದರೆ ಬಿಡುವುದಿಲ್ಲ ಎಂದು ಓದಿದ್ದೆ. ಓದಿದ್ದೆಲ್ಲ ಒಟ್ಟಿಗೆ ನೆನಪಾಯಿತು. ನಡುವೆ ಕೆರೆ. ಏರಿ ಸುತ್ತಿ ಓಡಿದರೂ ಹತ್ತು ನಿಮಿಷ ಬೇಕು. ಕೂಗಿದರೆ ಅಪ್ಪನಿಗೆ ಕಿವಿ ಮಂದ, ಕೇಳುವುದು ಆ ಪ್ರಾಣಿಗೆ ಮಾತ್ರ. ಬೆದರಿ ಅವನ ಮೇಲೆಯೇ ಎಗರಿದರೆ? ಬೈನಾಕ್ಯುಲರ್ ಎಂಥ ಕೆಟ್ಟ ವಸ್ತು ಎಂದು ಆವತ್ತು ತಿಳಿಯಿತು. ಅಪ್ಪನ ಗಡ್ಡದ ಬಿಳಿ ಕೂದಲು ಕಾಣುತ್ತಿದೆ, ನಾನು ಅಲ್ಲಿಲ್ಲ. ಅದು ಎಲೆಯ ಮೇಲಿದ್ದ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡಿತು. ಬೆಲ್ಲ ಕಚ್ಚಿತು. ಅಪ್ಪ ಕದಲಲಿಲ್ಲ. ತಿಂದು ಮುಗಿಸಿ, ಯಾವ ಅವಸರವೂ ಇಲ್ಲದೆ ತಿರುಗಿ ಜೊಂಡಿನ ಪಕ್ಕದ ಲಂಟಾನ ಪೊದೆಗೆ ನುಗ್ಗಿ ಹೋಯಿತು. ನಾನು ಎದ್ದು ಓಡಿದೆ.

ಏರಿ ಸುತ್ತಿ ಹೋಗುವಷ್ಟರಲ್ಲಿ ಅಪ್ಪ ಜಾಲಿಮುಳ್ಳನ್ನು ಗುಡ್ಡೆಯ ಮೇಲೆ ಮತ್ತೆ ಜೋಡಿಸುತ್ತಿದ್ದ. ಆಗ ಅರ್ಥವಾಯಿತು. ಮುಳ್ಳನ್ನು ತೆಗೆದಿದ್ದು ಆ ಪ್ರಾಣಿಯಲ್ಲ.

"ನೀನೇ ತೆಗೀತೀಯಾ?" ಎಂದೆ.

"ಚುಚ್ಚುತ್ತಲ್ಲಮ್ಮ ಕಾಲಿಗೆ" ಎಂದ. ನಾನು ಎಲ್ಲಿಂದ ಬಂದೆ ಎಂದೂ ಕೇಳಲಿಲ್ಲ. "ನೋಡ್ದಾ?"

"ನೋಡ್ದೆ. ಅಪ್ಪಾ, ಅದು ತರಕರಡಿ. ಕಾಡುಪ್ರಾಣಿ. ಅದರ ಉಗುರು ನೋಡಿದೀಯಾ ನೀನು? ಮೈಮೇಲೆ ಬಿದ್ರೆ ಏನ್ ಗತಿ?"

"ಮೂರು ದಿನದಿಂದ ಬರ್ತಾಳೆ. ಹಾಲುತುಪ್ಪದ ಮಾರನೇ ದಿನ ಬಂದು ನೋಡ್ದೆ, ಎಲೆ ನೆಕ್ಕಿಹೋಗಿತ್ತು. ಬೆಲ್ಲ ಒಂದು ಚೂರೂ ಬಿಟ್ಟಿರ್ಲಿಲ್ಲ."

"ಅಪ್ಪಾ."

"ಪ್ರಾಣಿ ಅಂತ ನಂಗೂ ಗೊತ್ತು ಕಣಮ್ಮ, ನನಗೇನ್ ತಲೆ ಕೆಟ್ಟಿಲ್ಲ" ಎಂದು ಅಪ್ಪ ಮುಳ್ಳಿನ ಕೊಂಬೆಯನ್ನು ಕಾಲಿನಿಂದ ಒತ್ತಿದ. "ಕಾಗೆ ಬಂದಿದ್ರೆ? ಅದೂ ಪ್ರಾಣಿನೇ ಅಲ್ವಾ?"

ಅಣ್ಣನಿಗೆ ಹೇಳಬೇಡ ಎಂದು ಅಪ್ಪ ಕೇಳಿಕೊಂಡ, ನಾನು ಹೂಂ ಎಂದೆ. ವಾಪಸು ಬರುವಾಗ ಅವನ ಕೈ ಹಿಡಿದುಕೊಂಡೆ. ಮಣ್ಣಾಗಿತ್ತು, ಮುಳ್ಳು ತರಚಿ ಅಲ್ಲಲ್ಲಿ ರಕ್ತ ಬಂದಿತ್ತು.

ಆಮೇಲಿನ ಎರಡು ಬೆಳಗೂ ನಾನು ಕತ್ತಲಿರುವಾಗಲೇ ಎದ್ದು ಅವನ ಹಿಂದೆಯೇ ಹೋಗಿ, ಹೊಂಗೆ ಮರದ ಮರೆಯಲ್ಲಿ ಒಂದು ಬಡಿಗೆ ಹಿಡಿದು ನಿಂತೆ. ಬಡಿಗೆಯಿಂದ ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಎರಡೂ ದಿನ ಅದು ಬಂತು, ತಿಂದಿತು, ಒಂದಿಷ್ಟು ಕೆದಕಿತು, ಹೋಯಿತು. ಹೊಸ ಮಣ್ಣಿನಲ್ಲಿ ಗೊಬ್ಬರದ ಹುಳ ಹೆಚ್ಚು, ಅದಕ್ಕೇ ಕೆದಕುತ್ತದೆ ಎಂದು ನನಗೆ ತಿಳಿದಿತ್ತು. ಆದರೂ ಅದರ ಉಗುರು ಮಣ್ಣಿಗೆ ತಾಗುವ ಸದ್ದು ಕೇಳಿದಾಗಲೆಲ್ಲ ನನ್ನ ಎದೆಯೇ ಕೆದಕಿದಂತಾಗುತ್ತಿತ್ತು.

ಎಂಟನೆಯ ದಿನ ಮಧ್ಯಾಹ್ನ ಅಣ್ಣ ಅತ್ತ ಕಡೆ ಹೋದವನು ಕೆಂಡವಾಗಿ ಬಂದ. ಗುಡ್ಡೆಯ ತಲೆಯ ಕಡೆ ಮೊಳದುದ್ದ ಗುಂಡಿ ಬಿದ್ದಿದೆ, ಯಾವುದೋ ಹೆಣ ಅಗೆಯುವ ಪ್ರಾಣಿ ಬರುತ್ತಿದೆ ಎಂದ. ಮೋಟಾರು ಮನೆಯಿಂದ ಒಂದು ಲೈನು ಎಳೆದು ಸುತ್ತ ತಂತಿ ಕಟ್ಟುತ್ತೇನೆ, ಹಂದಿಗೆ ಎಲ್ಲರೂ ಕಟ್ಟುವುದಿಲ್ಲವೇ ಎಂದ. ನನಗೆ ನೆತ್ತಿಗೇರಿತು. ಕಾಡುಪ್ರಾಣಿ ಕೊಂದರೆ ಜೈಲು, ತಂತಿಗೆ ಕರೆಂಟು ಬಿಡುವುದು ಅಪರಾಧ ಎಂದು ಅಂಗಳದಲ್ಲಿ ನಿಂತು ತರಗತಿಯಲ್ಲಿ ಮಾಡುವ ಹಾಗೆ ಪಾಠ ಮಾಡಿದೆ. ಆ ಪ್ರಾಣಿಯ ಹೆಸರನ್ನೂ ಹೇಳಿದೆ.

"ಅಮ್ಮನ್ನ ಅಗೆದು ಎತ್ಕೊಂಡು ಹೋಗ್ಲಿ ಅಂತೀಯಾ?" ಎಂದ ಅಣ್ಣ. ಅವನ ದನಿ ಒಡೆದಿತ್ತು. "ನಿಂಗೆ ಅಮ್ಮನಿಗಿಂತ ಆ ತರಕರಡಿನೇ ಹೆಚ್ಚಾಯ್ತಾ?"

ನಾನು ಒಳಗೆ ಹೋದೆ. ಅಲ್ಲಿ ಹೇಳಬೇಕಾಗಿದ್ದು ಒಂದೇ ಮಾತು, ಅಪ್ಪ ದಿನಾ ಬೆಳಗಿನ ಜಾವ ಅಲ್ಲಿಗೆ ಹೋಗುತ್ತಾನೆ ಎಂಬುದು. ಅಪ್ಪನಿಗೆ ಕೊಟ್ಟ ಮಾತು ಒಂದು ಕಡೆ, ಅಣ್ಣನ ಮೇಲಿನ ಸಿಟ್ಟು ಇನ್ನೊಂದು ಕಡೆ. ಹೇಳಲಿಲ್ಲ. ಅಪ್ಪನಿಗೂ ತಂತಿಯ ವಿಷಯ ಹೇಳಲಿಲ್ಲ. ಅಣ್ಣ ಆಮೇಲೆ ಆ ಸುದ್ದಿಯನ್ನೇ ಎತ್ತದಿದ್ದುದರಿಂದ ನನ್ನ ಪಾಠ ನಾಟಿತು ಎಂದುಕೊಂಡೆ.

ಒಂಬತ್ತನೆಯ ದಿನ ಬೆಳಗ್ಗೆ ನನಗೆ ಜ್ವರ. ಏಳಲಾಗಲಿಲ್ಲ, ಅಪ್ಪ ಒಬ್ಬನೇ ಹೋಗಿ ಬಂದ, ಏನೂ ಆಗಲಿಲ್ಲ. ಹತ್ತನೆಯ ದಿನ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿನ ಗೆರೆ ಮೂಡಿತ್ತು. ಅಪ್ಪನ ಚಾಪೆ ಸುತ್ತಿಟ್ಟಿತ್ತು, ಕಂಬಳಿ ಇರಲಿಲ್ಲ. ತಡವಾಯಿತು ಎಂದುಕೊಂಡು ಅಂಗಳಕ್ಕೆ ಬಂದೆ. ಸೊಪ್ಪಿನ ಕೋಣೆಯ ಗೋಡೆಯ ಮೊಳೆಗೆ ಯಾವಾಗಲೂ ಒಂದು ಸಿಂಬಿ ಜಿ.ಐ. ತಂತಿ ನೇತುಹಾಕಿರುತ್ತದೆ. ಮೊಳೆ ಖಾಲಿಯಿತ್ತು.

ಹುಳು ಮನೆಯ ಬಾಗಿಲಿಗೆ ಓಡಿದೆ. ಹುಳುಗಳು ನಾಲ್ಕನೆಯ ಜ್ವರದಿಂದ, ಎಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪು ತಿನ್ನುವ ಹೊತ್ತು ಅದು, ಸೂತಕ ಎಂದರೂ ಅವಕ್ಕೆ ಹಸಿವು ನಿಲ್ಲುವುದಿಲ್ಲ. ಅಣ್ಣ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದ.

"ತಂತಿ ಎಲ್ಲಣ್ಣ?"

ಅವನು ತಲೆ ಎತ್ತಲಿಲ್ಲ. "ಸಂಜೆ ಕಟ್ದೆ. ಅಕ್ಕಪಕ್ಕದ ಹೊಲದೋರಿಗೆಲ್ಲ ಹೇಳಿದೀನಿ. ನಿಂಗೆ ಹೇಳಿದ್ರೆ ರಂಪ ಮಾಡ್ತೀಯ ಅಂತ ಮನೇಲಿ ಹೇಳಿಲ್ಲ. ಆರೂವರೆಗೆ ಹೋಗಿ ಕಿತ್ತಾಕ್ತೀನಿ, ಬಿಡು."

"ಅಪ್ಪ ಅಲ್ಲಿಗೆ ಹೋಗವ್ನೆ" ಎಂದೆ. "ದಿನಾ ಹೋಗ್ತಾನೆ. ಈಗ ಅಲ್ಲೇ ಅವ್ನೆ."

ಸೊಪ್ಪಿನ ಕುಕ್ಕೆ ಅಣ್ಣನ ಕೈಯಿಂದ ಬಿತ್ತು. ಅವನ ಮುಖ ಹಾಗಾಗಿದ್ದನ್ನು ನಾನು ಅಮ್ಮ ಸತ್ತ ದಿನವೂ ನೋಡಿರಲಿಲ್ಲ. ಚಪ್ಪಲಿಯಿಲ್ಲದೆ ಬೈಕು ಹತ್ತಿ ಮೋಟಾರು ಮನೆಯ ರಸ್ತೆ ಹಿಡಿದ. ನಾನು ಏರಿಯ ಕಡೆ ಓಡಿದೆ. ರಸ್ತೆ ಸುತ್ತು, ಏರಿಯಿಂದ ಕೂಗಿದರೆ ಒಂದುವೇಳೆ ಕೇಳಿಸೀತು ಎಂದು. ಅಭ್ಯಾಸಬಲದಿಂದ ಬೈನಾಕ್ಯುಲರನ್ನೂ ಎತ್ತಿಕೊಂಡಿದ್ದೆ, ಓಡುವಾಗ ಎದೆಗೆ ಬಡಿಯುತ್ತಿತ್ತು. ಜ್ವರದ ಕಾಲು. ದಾರಿ ಮುಗಿಯುವುದೇ ಇಲ್ಲ ಅನ್ನಿಸಿತು. ಅಮ್ಮ ಟಾರ್ಚು ಹಿಡಿದು ಇದೇ ಏರಿಯ ಮೇಲೆ ಅದೆಷ್ಟು ಸಲ ಇದೇ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಂತಿದ್ದಳು, ನಾನು ಅದನ್ನು ಬರೀ ಹಟ ಎಂದುಕೊಂಡಿದ್ದೆ.

ಏರಿಯ ಮಧ್ಯಕ್ಕೆ ಬಂದು ಗಾಜು ಕಣ್ಣಿಗೆ ಹಿಡಿದೆ. ಅಪ್ಪ ಬದುವಿನ ಮೇಲೆ ಗುಡ್ಡೆಯ ಕಡೆಗೆ ನಡೆಯುತ್ತಿದ್ದ, ಕೈಯಲ್ಲಿ ಎಲೆ. ಗುಡ್ಡೆಯ ಸುತ್ತ ಗೂಟಗಳು ಕಂಡವು, ತಂತಿ ಕಾಣಲಿಲ್ಲ. ತರಕರಡಿ ಆಗಲೇ ಒಳಗಿತ್ತು. ತಂತಿಯ ಕೆಳಗೇ ಮಣ್ಣು ಬಗೆದು ನುಸುಳಿರಬೇಕು. ಗುಡ್ಡೆಯ ಮೇಲೆ ನಿಂತು ಅಪ್ಪನ ದಾರಿ ಕಾಯುತ್ತಿತ್ತು. ಅದು ಅಲ್ಲಿದ್ದುದರಿಂದ ಅಪ್ಪನ ಹೆಜ್ಜೆ ಚುರುಕಾಯಿತು.

ಕೂಗಿದೆ. ಗಂಟಲು ಹರಿಯುವಂತೆ ಅಪ್ಪಾ ಎಂದು ಕೂಗಿದೆ. ಅಪ್ಪನಿಗೆ ಕೇಳಲಿಲ್ಲ, ಬಾತುಗಳಿಗೆ ಕೇಳಿತು. ನೀರಿನ ಮೇಲಿದ್ದವೆಲ್ಲ ಒಮ್ಮೆಗೇ ಎದ್ದವು. ಬಾತು, ನೀರುಕಾಗೆ, ಬೆಳ್ಳಕ್ಕಿ ಎಲ್ಲ ಕಿರುಚಿಕೊಂಡು ಅಪ್ಪನ ತಲೆಯ ಮೇಲೆಯೇ ಹಾದವು. ಅಪ್ಪ ನಿಂತು ಮೇಲೆ ನೋಡಿದ. ಅಷ್ಟು ವರ್ಷ ನಾನು ಆ ಹಕ್ಕಿಗಳನ್ನು ಬೆದರಿಸಬಾರದು ಎಂದು ಕೆಮ್ಮನ್ನೂ ತಡೆದುಕೊಂಡಿದ್ದೆ. ನೋಡು ಅಪ್ಪ, ಇನ್ನೂ ನೋಡು, ಅಲ್ಲೇ ನಿಲ್ಲು ಎಂದು ಗೊಣಗುತ್ತಿದ್ದೆ. ಹಕ್ಕಿಗಳು ದಾಟಿ ಹೋದವು. ಅಪ್ಪ ತಲೆ ಇಳಿಸಿ ಮತ್ತೆ ನಡೆದ.

ಅವನ ಕಾಲು ತಂತಿಗೆ ತಾಗಿದ್ದನ್ನು ನಾನು ನೋಡಿದೆ. ಎಡಗಾಲಿನ ಮೊಣಕಾಲ ಕೆಳಗೆ. ತಂತಿ ಎಳೆದು ಒಂದು ಗೂಟ ವಾಲಿತು. ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಅಪ್ಪ ಬಗ್ಗಿ ತನ್ನ ಕಾಲಿಗೆ ಏನು ತಡೆಯಿತು ಎಂದು ನೋಡುತ್ತಿದ್ದ. ಬೈಕಿನ ಸದ್ದೋ, ಅಣ್ಣ ಮೋಟಾರು ಮನೆಯಿಂದ ಓಡಿ ಬರುತ್ತಿದ್ದ ಸದ್ದೋ, ತರಕರಡಿ ಗುಡ್ಡೆಯಿಂದ ಇಳಿದು ಪೊದೆಗೆ ಹೋಯಿತು. ಅದನ್ನು ಮತ್ತೆ ಯಾರೂ ನೋಡಲಿಲ್ಲ.

ನಾನು ಅಲ್ಲಿಗೆ ಸೇರುವಷ್ಟರಲ್ಲಿ ಅಣ್ಣ ನೆಲದ ಮೇಲೆ ಕೂತು ಅಪ್ಪನ ಎರಡೂ ಕಾಲನ್ನು ತಬ್ಬಿಕೊಂಡು ಅಳುತ್ತಿದ್ದ. ಅವನ ಕೈಯಲ್ಲಿ ಕಿತ್ತ ಫ್ಯೂಸು ಇನ್ನೂ ಇತ್ತು. ಫ್ಯೂಸು ಕಿತ್ತಿದ್ದು ಮೊದಲೋ, ಕಾಲು ತಾಗಿದ್ದು ಮೊದಲೋ, ಅಥವಾ ಅದಕ್ಕೂ ಮೊದಲೇ ತ್ರೀಫೇಸ್ ಹೋಗಿಬಿಟ್ಟಿತ್ತೋ, ಅವನಿಗೂ ಗೊತ್ತಿಲ್ಲ. ಓಡಿಹೋಗಿ ಕಿತ್ತೆ, ಸ್ಟಾರ್ಟರಿನ ಲೈಟು ಉರೀತಿತ್ತೋ ಇಲ್ಲವೋ ನೋಡಲಿಲ್ಲ ಎಂದ. ಆ ಪ್ರಶ್ನೆಯನ್ನು ನಾವು ಆಮೇಲೆ ಯಾವತ್ತೂ ಕೇಳಿಕೊಂಡಿಲ್ಲ.

ಅಪ್ಪ ಬೈಯಲಿಲ್ಲ. ತಂತಿಯನ್ನು ನೋಡಿದ, ಗೂಟಗಳನ್ನು ನೋಡಿದ, ಮೋಟಾರು ಮನೆಯ ಕಡೆಯಿಂದ ಬಂದಿದ್ದ ಲೈನನ್ನು ಕಣ್ಣಿನಲ್ಲೇ ಹಿಡಿದುಕೊಂಡು ಹೋಗಿ ನೋಡಿದ. ಬಗ್ಗಿ ಅಣ್ಣನ ತಲೆಯ ಮೇಲೆ ಕೈಯಿಟ್ಟ.

"ಇದಕ್ಕೇ ಕಣೋ ನಿಮ್ಮಮ್ಮ ಕಾಗೆ ಮುಟ್ಟಿಸ್ಲಿಲ್ಲ" ಎಂದ.

ಆಮೇಲೆ ಗುಡ್ಡೆಯ ಕಡೆ ತಿರುಗಿದ. ದೊಡ್ಡಮ್ಮ ಇರಲಿಲ್ಲ, ನೆಂಟರಿರಲಿಲ್ಲ, ನಾವು ಮೂವರೇ. ಮೂರನೆಯ ದಿನ ಎಲ್ಲರೆದುರು ಆಡದ ಮಾತನ್ನು ಮನೆಯಲ್ಲಿ ಎದುರಿಗೆ ಕೂತವಳಿಗೆ ಹೇಳುವಷ್ಟೇ ದನಿಯಲ್ಲಿ ಹೇಳಿದ. "ಇನ್ಮೇಲೆ ಮೋಟಾರು ಮುಟ್ಟಲ್ಲ ಕಣೇ. ಇವ್ನೇ ಹಾಕ್ತಾನೆ. ನೀನು ಏರಿ ಮೇಲೆ ನಿಂತ್ಕೋಬೇಡ, ಮನೆಗೋಗು." ತಂದಿದ್ದ ಎಲೆಯನ್ನು ಗುಡ್ಡೆಯ ಹತ್ತಿರ ಇಟ್ಟ. ಮುಳ್ಳನ್ನು ಸರಿಸಲಿಲ್ಲ.

ಮಾರನೆಯ ದಿನ ತಿಥಿ. ಎಡೆ ಇಟ್ಟು ಹತ್ತು ನಿಮಿಷವಾಗಿರಲಿಲ್ಲ, ಹೊಂಗೆ ಮರದಿಂದ ಕಾಗೆ ಇಳಿದು ಕಜ್ಜಾಯಕ್ಕೆ ಬಾಯಿ ಹಾಕಿತು. ದೊಡ್ಡಮ್ಮ ಕೈ ಮುಗಿದಳು, ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಪ್ಪ ಕಾಗೆಯನ್ನು ನೋಡುತ್ತಿರಲಿಲ್ಲ, ಲಂಟಾನ ಪೊದೆಯ ಕಡೆ ನೋಡುತ್ತಿದ್ದ. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ನಾನು ಅಪ್ಪನ ಎಡಗಾಲನ್ನು ನೋಡುತ್ತಿದ್ದೆ. ಪಂಚೆಯ ಅಂಚಿನ ಕೆಳಗೆ ತಂತಿ ತಾಗಿದ ಕಡೆ ಸಣ್ಣದೊಂದು ಗೀರು ಇತ್ತು, ಅದರ ಮೇಲೆ ಒಂದು ನೊಣ ಕೂತಿತ್ತು. ಅಪ್ಪ ಕಾಲು ಒದರಿದ, ನೊಣ ಹಾರಿತು, ನನಗೆ ಆಗ ಅಳು ಬಂತು.